ಬೈಪಾಸ್, ಫ್ಲೈಓವರ್, ಅಗಲೀಕರಣ: ಯಾವ ಊರಿಗೆ ಯಾವುದು?

ಊರಿನ ರಸ್ತೆ ಕಿಕ್ಕಿರಿದಾಗ ಈ ಮೂರರಲ್ಲಿ ಯಾವುದು ಸರಿ ಅಂತ ತಿಳಿಯಲು ಮೊದಲು ಕೇಳಬೇಕಾದ್ದು ‘ಎಷ್ಟು ಗಾಡಿ’ ಅಂತಲ್ಲ, ‘ಎಲ್ಲಿಂದ ಎಲ್ಲಿಗೆ ಹೋಗುವ ಗಾಡಿ’ ಅಂತ. ಸುಮ್ನೆ ರಸ್ತೆ ಬದಿ ನಿಂತು ಎಣಿಸಿದರೆ ಇದು ತಿಳಿಯುವುದಿಲ್ಲ. ಚಾಲಕರನ್ನು ನಿಲ್ಲಿಸಿ ಕೇಳಬೇಕು, ಇಲ್ಲವೇ ಊರಿನ ಎರಡೂ ತುದಿಯಲ್ಲಿ ನಂಬರ್ ಪ್ಲೇಟ್ ಬರೆದುಕೊಂಡು ತಾಳೆ ನೋಡಬೇಕು. ಊರು ದಾಟಿ ಹೋಗುವ ಲಾರಿಗಳೇ ಜಾಸ್ತಿ ಇದ್ದರೆ ಬೈಪಾಸ್ ಸರಿ. ಬಹುಪಾಲು ಗಾಡಿಗಳು ಊರೊಳಕ್ಕೇ ಬರುವಂಥವಾದರೆ ಬೈಪಾಸ್ ಖಾಲಿ ಬಿದ್ದಿರುತ್ತದೆ, ಪೇಟೆ ರಸ್ತೆ ಹಾಗೇ ಕಿಕ್ಕಿರಿಯುತ್ತದೆ. ಊರು ದೊಡ್ಡದಾದಷ್ಟೂ ಸಾಮಾನ್ಯವಾಗಿ ಎರಡನೆಯದೇ ಕಥೆ.

ಖರ್ಚಿನಲ್ಲಿ ಬೈಪಾಸ್‌ಗೆ ಜಮೀನೇ ದೊಡ್ಡ ತಲೆನೋವು. ಅಗಲೀಕರಣಕ್ಕೆ ಕಡಿಮೆ ಜಾಗ ಸಾಕು, ಆದರೆ ಅದು ಮನೆ, ಅಂಗಡಿ ಒಡೆದು ಪಡೆಯುವ ಜಾಗ. ಒಂದೇ ಜಂಕ್ಷನ್‌ನಲ್ಲಿ ಜಾಮ್ ಆಗುತ್ತಿದ್ದರೆ ಫ್ಲೈಓವರ್ ನೋಡಬಹುದು. ಮುಂದೆಯೂ ಸಾಲು ಸಿಗ್ನಲ್ ಇದ್ದರೆ ಬೇಡ, ಜಾಮ್ ಅಲ್ಲಿಗೆ ಹೋಗಿ ನಿಲ್ಲುತ್ತದೆ ಅಷ್ಟೇ.

ಲಾಭ ಎಷ್ಟು ಕಾಲ ಉಳಿಯುತ್ತದೆ ಎಂಬ ವಿಷಯದಲ್ಲಿ ಮೂರೂ ಕೈಕೊಡಬಹುದು. ರಸ್ತೆಯಲ್ಲಿ ಹೊಸ ಜಾಗ ಸಿಕ್ಕರೆ ಹೊಸ ಗಾಡಿ ಬರುತ್ತದೆ. ಲಂಡನ್ ಸುತ್ತಲಿನ ಎಂ25 ವರ್ತುಲ ರಸ್ತೆ 1986ರಲ್ಲಿ ಪೂರ್ತಿಯಾಯಿತು, ಕೆಲವೇ ವರ್ಷಗಳಲ್ಲಿ ತುಂಬಿತು, ಮತ್ತೆ ಅಗಲ ಮಾಡಬೇಕಾಯಿತು. ಬೈಪಾಸ್ ಬದಿಯಲ್ಲಿ ಸಿಕ್ಕಸಿಕ್ಕಲ್ಲಿ ಮನೆ, ಅಂಗಡಿಗಳಿಗೆ ದಾರಿ ಬಿಟ್ಟರೆ ಅದೂ ಪೇಟೆ ಬೀದಿಯೇ ಆಗುತ್ತದೆ, ಅಲ್ವಾ? ಹಾಗಾಗಿ ಪ್ರವೇಶಕ್ಕೆ ಕಡಿವಾಣ ಹಾಕುವ ಧೈರ್ಯ ಇದ್ದರೆ ಮಾತ್ರ ಬೈಪಾಸ್ ಕಟ್ಟಿ. ಅದು ತೆರೆದ ದಿನದಿಂದಲೇ ಹಳೆ ರಸ್ತೆಯಲ್ಲಿ ಲಾರಿ ತಡೆದು ಫುಟ್‌ಪಾತ್, ಬಸ್ ದಾರಿ ಮಾಡಿ. ಇಲ್ಲವಾದರೆ ಖಾಲಿಯಾದ ಜಾಗವನ್ನು ಊರಿನ ಕಾರುಗಳೇ ತುಂಬಿಕೊಳ್ಳುತ್ತವೆ.