ಯೂರೋಪಾ ಯೂನಿವರ್ಸಾಲಿಸ್ 4: ‘ಹಾಗಾಗಿದ್ದರೆ?’ ಯುದ್ಧಗಳನ್ನು ತೂಗಿ ನೋಡಲು ಎಷ್ಟು ನಂಬಬಹುದು?

ಒಂದು ರಾಜ್ಯವನ್ನು ಆಳುತ್ತ ಸಂಧಿ, ಯುದ್ಧ ನಡೆಸುವ ಈ ಕಂಪ್ಯೂಟರ್ ಆಟ ಬಂದದ್ದು 2013ರಲ್ಲಿ. ಇದು 1444ರ ನವೆಂಬರ್ 11ಕ್ಕೆ, ಅಂದರೆ ಆಟೊಮನ್ ತುರ್ಕರು ಯೂರೋಪಿನ ಸೈನ್ಯವನ್ನು ಸೋಲಿಸಿದ ವಾರ್ನಾ ಕದನದ ಮರುದಿನ, ಶುರುವಾಗಿ 1821ರವರೆಗೆ ನಡೆಯುತ್ತದೆ. ‘ಆಟೊಮನ್ನರು ವಿಯೆನ್ನಾ ಗೆದ್ದಿದ್ದರೆ?’, ‘ಫ್ರಾನ್ಸ್ ಹಾಲೆಂಡನ್ನು ನುಂಗಿದ್ದರೆ?’ ಎಂಬ ವಾದಗಳಿಗೆ ಇದರ ಸ್ಕ್ರೀನ್‌ಶಾಟುಗಳನ್ನೇ ಸಾಕ್ಷಿಯಾಗಿ ಮುಂದಿಡುವವರು ಬಹಳ. ವರ್ಷಗಟ್ಟಲೆ ಬಳಸಿದ ಮೇಲಿನ ತೀರ್ಪು ಇದು: ಯಾರ ವಿರುದ್ಧ ಯಾರು ಒಂದಾಗುತ್ತಾರೆ ಎಂದು ಅಳೆಯಲು ಒಳ್ಳೆಯ ಸಾಧನ, ಸೈನ್ಯ ಅಲ್ಲಿಗೆ ಹೋಗಿ ಮುಟ್ಟೀತೇ ಎಂದು ಅಳೆಯಲು ಇದನ್ನು ನೆಚ್ಚಬಾರದು.

ಆಟದ ಬಲವಿರುವುದು ‘ಅಗ್ರೆಸಿವ್ ಎಕ್ಸ್‌ಪ್ಯಾನ್ಶನ್’ ಲೆಕ್ಕದಲ್ಲಿ, ಅಂದರೆ ನೆಲ ಕಬಳಿಸಿದವನ ಮೇಲೆ ಉಳಿದ ರಾಜ್ಯಗಳಿಗೆ ಏರುವ ಸಿಟ್ಟಿನ ಅಂಕಗಳಲ್ಲಿ. ಒಂದು ಪ್ರಾಂತ್ಯ ಕಿತ್ತುಕೊಂಡರೆ ಹತ್ತಿರದವರಿಗೆ, ಅದೇ ಧರ್ಮದವರಿಗೆ ಸಿಟ್ಟು ಹೆಚ್ಚು. ಅದು 50 ದಾಟಿದ ರಾಜ್ಯಗಳು ಒಕ್ಕೂಟ ಕಟ್ಟಬಲ್ಲವು. ಇತಿಹಾಸವೂ ಹೀಗೇ ನಡೆದಿದೆ. ಫ್ರಾನ್ಸ್‌ನ ದೊರೆ 14ನೇ ಲೂಯಿ 1672ರಲ್ಲಿ ಡಚ್ಚರ ಮೇಲೆ ಬಿದ್ದ. 1673ರ ಹೊತ್ತಿಗೆ ಸ್ಪೇನೂ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯೂ ಡಚ್ಚರ ಕಡೆ ನಿಂತಿದ್ದರು. ಮೂರನೆಯವರು ಸುಮ್ಮನೆ ಕೂರುತ್ತಾರೆಂದು ಹೇಳುವ ಯಾವ ಕಲ್ಪಿತ ಯುದ್ಧವನ್ನೂ ಈ ಆಟ ಚೆನ್ನಾಗಿ ಬಯಲಿಗೆಳೆಯುತ್ತದೆ.

ಸರಬರಾಜಿನಲ್ಲಿ ಮಾತ್ರ ಸೋಲುತ್ತದೆ. ದಂಡಯಾತ್ರೆಯಲ್ಲಿ ಸವೆಯುವ ಸೈನ್ಯಕ್ಕೆ ತಿಂಗಳಿಗೆ ಸಾಮಾನ್ಯವಾಗಿ ಶೇ. 5ರ ಮಿತಿಯಿದೆ, ಚಳಿಗಾಲವೆಂದರೆ ಆ ಸವಕಳಿ ಒಂದಿಷ್ಟು ಏರುವುದು, ಅಷ್ಟೇ. ನಿಜದಲ್ಲಿ ಆಟೊಮನ್ ಸುಲ್ತಾನ ಸುಲೇಮಾನ್ 1529ರ ಮೇ 10ಕ್ಕೆ ಇಸ್ತಾಂಬುಲ್ ಬಿಟ್ಟು ವಿಯೆನ್ನಾ ಮುಟ್ಟಿದ್ದು ಸೆಪ್ಟೆಂಬರ್ ಕೊನೆಗೆ. ಮಳೆ, ಕೆಸರಿಗೆ ಭಾರಿ ಫಿರಂಗಿಗಳು ದಾರಿಯಲ್ಲೇ ಉಳಿದವು. ಅಕ್ಟೋಬರ್ ಮಧ್ಯದಲ್ಲಿ ಮುತ್ತಿಗೆ ತೆಗೆಯಬೇಕಾಯಿತು. ಯುದ್ಧಕ್ಕೆ ಅನುಕೂಲವಾದ ಋತುವಿನ ಹೆಚ್ಚುಪಾಲು ನಡೆದೇ ಕಳೆದಿತ್ತು. ಆಟದಲ್ಲಾದರೆ ಅದೇ ಸೈನ್ಯ ಡಿಸೆಂಬರಿನಲ್ಲೂ ಗೋಡೆಯ ಕೆಳಗೆ ಕೂತು, 30 ದಿನಕ್ಕೊಮ್ಮೆ ದಾಳ ಉರುಳಿಸುತ್ತ ಕೋಟೆ ಬೀಳುವುದನ್ನು ಕಾಯಬಹುದು.

ಆದ್ದರಿಂದ ಮೇವಿನ ಲೆಕ್ಕವನ್ನು ಕಾಗದದ ಮೇಲೆ ಹಾಕಲೇಬೇಕು. ಕುದುರೆಯೊಂದಕ್ಕೆ ದಿನಕ್ಕೆ ಸುಮಾರು 10 ಕಿಲೊ ಮೇವು, ಕಾಳು ಎಂದು ಹಿಡಿದರೆ 10,000 ಕುದುರೆಗೆ 100 ಟನ್. ಗಾಡಿಗೆ 500 ಕಿಲೊ ಎಂದರೆ ದಿನಕ್ಕೆ 200 ಗಾಡಿ, ಆ ಗಾಡಿಗಳ ಎತ್ತುಗಳ ಹೊಟ್ಟೆಪಾಡು ಬೇರೆ. ದೊಡ್ಡ ದಂಡು ಹುಲ್ಲು ಚಿಗುರುವವರೆಗೆ ಕಾದು ಹೊರಡುತ್ತಿದ್ದುದು ಇದಕ್ಕೇ.

ಹಣದ ವಿಷಯದಲ್ಲಿ ಆಟ ಅರ್ಧ ಸರಿ. ದಿವಾಳಿಯಾದರೆ ದಂಡನೆಯಿದೆ. ಆದರೆ 1575ರಲ್ಲಿ ಸ್ಪೇನ್‌ನ ದೊರೆ ಎರಡನೇ ಫಿಲಿಪ್ ಸಾಲ ತೀರಿಸುವುದನ್ನು ನಿಲ್ಲಿಸಿದ ಮೇಲೆ ಸಂಬಳವಿಲ್ಲದ ಸೈನಿಕರು 1576ರ ನವೆಂಬರಿನಲ್ಲಿ ಅವನದೇ ಆಳ್ವಿಕೆಯ ಆಂಟ್‌ವರ್ಪ್ ನಗರವನ್ನೇ ದೋಚಿ, ತಮ್ಮ ದೊರೆಯ ರಾಜಕೀಯವನ್ನೇ ಕೆಡಿಸಿದರಲ್ಲ, ಅಂಥದ್ದು ಇಲ್ಲಿ ಆಗುವುದಿಲ್ಲ.

ಪರೀಕ್ಷೆ ಮಾಡುವ ಕ್ರಮ: ಹೊಸ ಆಟ ತೆರೆಯುವಾಗಲೇ ಕನ್ಸೋಲ್ ಆಜ್ಞೆಗಳಿಗೆ ಎಡೆಗೊಡದ ‘ಐರನ್‌ಮ್ಯಾನ್’ ಕ್ರಮವನ್ನು ಆಫ್ ಮಾಡಿ, ‘ಲಕ್ಕಿ ನೇಷನ್ಸ್’ ಆಯ್ಕೆಯನ್ನು ‘ನನ್’ಗೆ ಇಡಿ. ಇದು ಮರೆತರೆ ಕಂಪ್ಯೂಟರ್ ಆಡಿಸುವ ಆಟೊಮನ್, ಫ್ರಾನ್ಸ್‌ನಂಥ ರಾಜ್ಯಗಳಿಗೆ ಬಿಟ್ಟಿ ಅನುಕೂಲ ಸಿಕ್ಕಿ ಫಲಿತಾಂಶವೇ ವಾಲುತ್ತದೆ. ಎಷ್ಟೋ ವಾದಗಳು ಹುಸಿಯಾಗುವುದು ಇಲ್ಲೇ. ಬಳಿಕ ಕನ್ಸೋಲ್‌ನಲ್ಲಿ, ಅಂದರೆ ಆಜ್ಞೆ ಟೈಪಿಸುವ ಕಿಟಕಿಯಲ್ಲಿ, ನೀವು ಆಡದೆ ಬರೀ ನೋಡುವ ‘ಅಬ್ಸರ್ವ್’ ಆಜ್ಞೆ ಕೊಟ್ಟು ಒಂದೇ ಸೇವ್ ಫೈಲಿನಿಂದ 20-30 ವರ್ಷ, ಹತ್ತು ಸಲ ಓಡಿಸಿ. ಪ್ರತಿ ಸಲವೂ ಮಿತ್ರರು ಯಾರು, ಸಾಲ ಎಷ್ಟು, ಸಂಧಿ ಯಾವಾಗ ಎಂದು ಬರೆದಿಡಿ. ಎಂಟು ಸಲ ಒಂದೇ ಗುಂಪುಗಾರಿಕೆ ಬಂದರೆ ಆ ರಾಜಕೀಯ ಗಟ್ಟಿ ಎನ್ನಬಹುದು. ಗೆದ್ದವರು ಯಾರೆಂಬುದಕ್ಕೆ ಅಷ್ಟು ಬೆಲೆ ಕೊಡಬೇಡಿ.

ವಿಜಯನಗರ ಆಡುವವರಿಗೆ ಇನ್ನೊಂದು ಎಚ್ಚರಿಕೆ. ಇಲ್ಲಿ ಅಶ್ವದಳದ ಒಂದು ತುಕಡಿ, ಅಂದರೆ 1,000 ಸವಾರರು, ಮೂಲ ಬೆಲೆ 25 ಡುಕಾಟ್ ಕೊಟ್ಟರೆ ಸಿದ್ಧ. ನಿಜವಾದ ವಿಜಯನಗರಕ್ಕೆ ಒಳ್ಳೆಯ ಕುದುರೆ ಬರುತ್ತಿದ್ದುದು ಅರಬ್ಬೀ ಸಮುದ್ರ ದಾಟಿ, ಭಟ್ಕಳ, ಗೋವೆಯಂಥ ಬಂದರುಗಳ ಮೂಲಕ. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರು ಆ ವ್ಯಾಪಾರವನ್ನು ತಮ್ಮ ಮುಷ್ಟಿಗೆ ತೆಗೆದುಕೊಳ್ಳಹೊರಟರು. ಅರಸ ವರ್ಷಕ್ಕೆ ಕೊಳ್ಳುತ್ತಿದ್ದ ಕುದುರೆ, ಪರ್ಶಿಯನ್ ಕೊಲ್ಲಿಯ ಬಾಯಲ್ಲಿರುವ ಹಾರ್ಮುಜ್‌ನವೂ ನಾಡತಳಿಯೂ ಸೇರಿ, 13,000 ಎಂದು ಪೋರ್ಚುಗೀಸ್ ಪ್ರವಾಸಿ ಫೆರ್ನಾವೊ ನೂನಿಜ್ ಬರೆದಿದ್ದಾನೆ. ದೆಹಲಿಯವರೆಗಿನ ದಂಡಯಾತ್ರೆ ಆಡುವುದಾದರೆ ವರ್ಷಕ್ಕೆ 13 ಹೊಸ ಅಶ್ವ ತುಕಡಿ ಮೀರದಂತೆ, ಕರಾವಳಿ ಕೈತಪ್ಪಿದರೆ ಒಂದೂ ಇಲ್ಲದಂತೆ ನೀವೇ ಮಿತಿ ಹಾಕಿಕೊಂಡು ಆಡಿ ನೋಡಿ.