ನಾಲ್ಕು ಬಡ್ಜಿಗಳಿಗೆ ಎತ್ತರದ ಪಂಜರವೋ, ಉದ್ದದ ಪಂಜರವೋ?

ಬಡ್ಜಿಗಳು, ಅಂದರೆ ಪುಟ್ಟ ಸಾಕುಗಿಳಿಗಳು, ಹಾರುವುದು ಅಡ್ಡಡ್ಡಲಾಗಿ. ನೆಟ್ಟಗೆ ಮೇಲೇರುವುದು ಅವಕ್ಕೆ ಒಗ್ಗದು. ಹಾಗಾಗಿ ಗೋಪುರದಂಥ ಪಂಜರ ಮನೆಯಲ್ಲಿ ಜಾಗ ಉಳಿಸಿದರೂ ಅದರ ಕೆಳಗಿನ ಅರ್ಧ ಹೆಚ್ಚಾಗಿ ಖಾಲಿಯೇ ಬಿದ್ದಿರುತ್ತದೆ. ನಾಲ್ಕೂ ಹಕ್ಕಿಗಳು ಮೇಲಿನ ಕಡ್ಡಿಗೇ ಮುಗಿಬಿದ್ದು ಕಚ್ಚಾಡುತ್ತವೆ, ಅವುಗಳ ಹಿಕ್ಕೆ ನೇರ ಕೆಳಗಿನ ಕಾಳಿನ ಬಟ್ಟಲಿಗೆ ಬೀಳುತ್ತದೆ.

ಉದ್ದದ್ದೇ ಮೇಲು. ನಾಲ್ಕಕ್ಕೆ ಕನಿಷ್ಠ 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, ಅಷ್ಟೇ ಎತ್ತರ ಬೇಕು. ಎರಡೂ ತುದಿಗಳಲ್ಲಿ ಒಂದೇ ಮಟ್ಟಕ್ಕೆ ಕಡ್ಡಿ ಕಟ್ಟಿ, ನಡುವೆ ಖಾಲಿ ಬಿಡಿ. ಹಾರಲು ದಾರಿಯಾಗುತ್ತದೆ, ಮೇಲಿನ ಜಾಗದ ಜಗಳವೂ ತಗ್ಗುತ್ತದೆ. ಕಡ್ಡಿಗಳ ದಪ್ಪ 10ರಿಂದ 20 ಮಿ.ಮೀ. ಒಳಗೆ ಬೇರೆಬೇರೆ ಇರಲಿ. ಎಲ್ಲವೂ ಒಂದೇ ದಪ್ಪವಾದರೆ ಪಾದದ ಅದದೇ ಜಾಗ ಒತ್ತಿ ಹುಣ್ಣಾಗುತ್ತದೆ. ಬಟ್ಟಲು ಒಂದೇ ಇದ್ದರೆ ಜೋರಿನ ಹಕ್ಕಿ ಅದನ್ನು ಕಾಯುತ್ತ ಕೂರುತ್ತದೆ, ಮೆತ್ತಗಿನದು ಹಸಿದಿರುತ್ತದೆ. ದೂರದೂರಕ್ಕೆ ಎರಡು ಮೂರು ಇಡಿ.

ಯಾವುದನ್ನೇ ಕೊಂಡರೂ ಸರಳುಗಳ ಸಂದು 12 ಮಿ.ಮೀ. ಮೀರಬಾರದು, ತಲೆ ಸಿಕ್ಕಿಕೊಳ್ಳುತ್ತದೆ. ಗೂಡುಪೆಟ್ಟಿಗೆ ಬೇಡ: ಅದಕ್ಕಾಗಿ ಹೆಣ್ಣುಗಳು ರಕ್ತ ಬರುವಂತೆ ಕಾದಾಡುತ್ತವೆ. ಎತ್ತರದ್ದೇ ಗತಿ ಎಂದಾದರೆ ಅದರ ಉದ್ದವಾದರೂ 75 ಸೆಂ.ಮೀ. ಇರಲಿ, ಎರಡೇ ಹಕ್ಕಿ ಸಾಕಿ.