ಸ್ಥಳೀಯ ಯೋಜನೆಗೆ ಮಾಹಿತಿ: ಮನೆಮನೆ ಗಣತಿಯೋ, ಮಾದರಿ ಸಮೀಕ್ಷೆಯೋ, ಹಳೆಯ ದಾಖಲೆಯೋ?

2,000 ಮನೆಗಳ ಊರೊಂದನ್ನು ಊಹಿಸಿಕೊಳ್ಳಿ. ಒಬ್ಬ ಗಣತಿದಾರ ದಿನಕ್ಕೆ 10 ಮನೆ ಮುಗಿಸಿದರೂ ಪೂರ್ಣ ಗಣತಿಗೆ 10 ಜನರಿಗೆ 20 ದಿನ ಬೇಕು. ಬೀಗ ಹಾಕಿದ ಮನೆಗಳಿಗೆ ಮತ್ತೆ ಹೋಗುವ ದಿನಗಳು ಬೇರೆ.

ಚೀಟಿ ಎತ್ತಿದಂತೆ ಆರಿಸಿದ ಕೆಲವು ಮನೆಗಳನ್ನಷ್ಟೇ ಕೇಳುವ ಮಾದರಿ ಸಮೀಕ್ಷೆ ಅಗ್ಗ. ಶೇ 95ರ ವಿಶ್ವಾಸಮಟ್ಟದಲ್ಲಿ (ಇಂಥ 100 ಸಮೀಕ್ಷೆ ಮಾಡಿದರೆ ಸುಮಾರು 95ರಲ್ಲಿ ಅಂಕಿ ಸರಿ ಬರುವಂತೆ), ಶೇ 5ರಷ್ಟು ಹೆಚ್ಚುಕಡಿಮೆಯೊಳಗೆ ಊರಿನ ಒಟ್ಟು ಚಿತ್ರಕ್ಕೆ ಸುಮಾರು 322 ಮನೆ ಸಾಕು. ಆದರೆ ಎಡವುವುದು ಇಲ್ಲೇ: ತಲಾ 400 ಮನೆಗಳ ಐದು ವಾರ್ಡ್‌ಗಳಿಗೂ ಅಷ್ಟೇ ನಿಖರವಾದ ಬೇರೆ ಬೇರೆ ಅಂಕಿ ಬೇಕೆಂದರೆ ವಾರ್ಡಿಗೆ ಸುಮಾರು 196, ಒಟ್ಟು 980 ಮನೆ. ಅರ್ಧ ಊರನ್ನೇ ಸುತ್ತಿದ ಹಾಗಾಯಿತು!

ತೆರಿಗೆ ಪುಸ್ತಕ, ಜನನ-ಮರಣ ನೋಂದಣಿ ಕೈಯಲ್ಲೇ ಇರುತ್ತವೆ, ಖರ್ಚೂ ಕಡಿಮೆ. ಬಾಡಿಗೆದಾರರು, ವಲಸೆ ಬಂದವರು ಮಾತ್ರ ಅವುಗಳಲ್ಲಿ ಬಿಟ್ಟುಹೋಗಿರುತ್ತಾರೆ. ನೆರವು ಹೆಚ್ಚು ಬೇಕಾದವರು ಬಹಳ ಸಲ ಅವರೇ.

ಮನೆಗೆ ಹೋದ ಮಾತ್ರಕ್ಕೆ ಸತ್ಯ ಸಿಗುವುದಿಲ್ಲ. ‘ಶೌಚಾಲಯ ಇದೆಯೇ?’ ಎಂದರೆ ‘ಇದೆ’ ಎನ್ನುತ್ತಾರೆ. ಒಳಗೆ ಸೌದೆ ತುಂಬಿರುತ್ತದೆ. ಅದರ ಬದಲು ‘ಇವತ್ತು ಬೆಳಗ್ಗೆ ಮನೆಯವರು ಶೌಚಕ್ಕೆ ಎಲ್ಲಿಗೆ ಹೋದರು?’ ಎಂದು ಕೇಳಿ.

ಯಾರಿಗೆ ಮನೆ, ಯಾರಿಗೆ ಪಿಂಚಣಿ ಎಂದು ಫಲಾನುಭವಿಗಳನ್ನು ಹೆಸರು ಹಿಡಿದು ಗುರುತಿಸಬೇಕಾದರೆ ಗಣತಿಯೇ ಬೇಕು. ಮಾದರಿಯಲ್ಲಿ ಬಾರದ ಮನೆ ಪಟ್ಟಿಗೂ ಬಾರದು. ಕುಡಿಯುವ ನೀರಿಗೋ ರಸ್ತೆಗೋ ಎಷ್ಟು ಪಾಲು ಹಣ ಎಂಬ ನಿರ್ಧಾರಕ್ಕೆ ಮಾದರಿ ಸಾಕು. ಬಜೆಟ್‌ಗೆ ಎರಡೇ ವಾರ ಉಳಿದಿದ್ದರೆ ದಾಖಲೆಗಳನ್ನೇ ಹಿಡಿದು, ಬಾಡಿಗೆ ಮನೆಗಳು ಹೆಚ್ಚಿರುವ ಬೀದಿಗಳಲ್ಲಷ್ಟೇ ಖುದ್ದಾಗಿ ತಾಳೆ ನೋಡಿ.